ದಿನವಿಡೀ ಡೆಸ್ಕ್‌ಟಾಪ್ ಮುಂದೆ ಕೂಡೋರಿಗೆ ವೈರ್‌ಲೆಸ್ ಮೌಸ್: ಬಾಳಿಕೆ ಬರೋದು, ಕೈ ನೋಯಿಸದ್ದು ಯಾವುದು?

ಗಂಜ್_ಲೆಕ್ಕ, ಕಲಬುರಗಿ

ಎಲ್ಲಾರಿಗೂ ಶರಣು ಶರಣಾರ್ಥಿ. ನಾ ನೆಹರೂ ಗಂಜಿನ ಒಂದು ಅಡತಿ ಅಂಗಡಿಯಾಗ ಲೆಕ್ಕ ನೋಡ್ತೀನಿ. ತೊಗರಿ ಸೀಜನ್ ಹತ್ತಿತಂದ್ರ ಮುಂಜಾನಿ ಕುಂತಾಂವ ರಾತ್ರಿ ತನಕ ಕಂಪ್ಯೂಟರ್ ಬಿಟ್ಟು ಏಳಂಗಿಲ್ಲ. ಟ್ಯಾಲಿ ಪೂರಾ ಕೀಬೋರ್ಡ್ ಮ್ಯಾಲೇ ನಡೀತದ. ಆದ್ರ ಇ-ವೇ ಬಿಲ್, ಜಿಎಸ್‌ಟಿ ಪೋರ್ಟಲ್, ಎಕ್ಸೆಲ್, ವಾಟ್ಸಾಪ್‌ನಾಗ ಬರೋ ಲಾರಿ ಪಾವತಿ ಫೋಟೋ, ಇವೆಲ್ಲಾ ಮೌಸ್ ಇಲ್ದೇ ಆಗಲ್ಲ.

ಈಗಿರೋ ವೈರ್‌ಲೆಸ್ ಮೌಸ್ ಒಂದ್ ಸಲ ಒತ್ತಿದ್ರ ಎರಡ್ ಸಲ ಒತ್ತಿದಂಗ ಮಾಡ್ತದ. ಫೋಲ್ಡರ್ ಆರಿಸ್ಲಾಕ ಹೋದ್ರ ತೆರದೇ ಬಿಡ್ತದ. ಎಕ್ಸೆಲ್‌ನಾಗ ಮ್ಯಾಲಿಂದ ಕೆಳಗ ಎಳಕೋತ ಹೊಂಟ್ರ ನಡುವೇ ಬಿಟ್ಟುಕೊಟ್ಟು ಸೆಲೆಕ್ಷನ್ ಹೋಗ್ತದ. ಅದರ ಮ್ಯಾಲ ಬಲಗೈ ಮಣಿಕಟ್ಟು ಬ್ಯಾನಿ, ಭುಜದ ತನಕ ಎಳೀತದ. ಮೌಸ್ ಸಣ್ಣದು, ನನ್ನ ಕೈ ದೊಡ್ಡದು.

ಸಿಪಿಯು ಟೇಬಲ್ ಕೆಳಗ ಅದ. ಟೇಬಲ್ ಮ್ಯಾಲ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು. ಎರಡು ಸಾವಿರದ ಆಸುಪಾಸು ಹಾಕ್ಬೇಕಂತ ಅದೀನಿ, ಖರೇನ ಬಾಳಿಕೆ ಬರ್ತದಂದ್ರ ಇನ್ನೊಂದಿಷ್ಟು ಹಾಕ್ಲಾಕ ತಯಾರ್. ತಿಳಿದವರು ಹೇಳ್ರಿ.

ಸ್ಟೇಷನ್_ರೋಡ್_ರಿಪೇರಿ, ಕಲಬುರಗಿ

ಅಣ್ಣಾರೆ, ಇದು ಡಬಲ್ ಕ್ಲಿಕ್ ತಕರಾರು. ನಮ್ಮ ಟೇಬಲ್ಲಿಗಿ ಬರೋ ಮೌಸುಗಳಾಗ ಹೆಚ್ಚಿನವು ಇದೇ. ವೈರಸ್ ಅಲ್ಲ, ವಿಂಡೋಸ್ ತಪ್ಪೂ ಅಲ್ಲ. ಬಟನ್ ಕೆಳಗ ಒಂದು ಸಣ್ಣ ಮೈಕ್ರೋ ಸ್ವಿಚ್ ಇರ್ತದ. ಅದರೊಳಗ ತೆಳ್ಳಗಿನ ತಾಮ್ರದ ಪಟ್ಟಿ. ಒತ್ತಿದ್ರ ಪಟ್ಟಿ ಟಕ್ ಅಂತ ಬಾಗಿ ಕೆಳಗ ಕೂಡ್ತದ, ಬಿಟ್ರ ಹೊಳ್ಳಿ ಮ್ಯಾಲ ಜಿಗೀತದ. ಲಕ್ಷಗಟ್ಟಲೆ ಸಲ ಬಾಗಿ ಬಾಗಿ ಬಿಗಿ ಕಡಿಮಿ ಆಗ್ತದ, ಕೂಡೋ ಜಾಗದಾಗ ಕಿಲುಬು ಕಟ್ತದ. ಆವಾಗ ಒಂದೇ ಒತ್ತಿಗಿ ಕರೆಂಟು ಕೂಡಿ, ಕಡಿದು, ಮತ್ತ ಕೂಡ್ತದ. ಕಂಪ್ಯೂಟರ್ ಅದನ್ನ ಎರಡು ಕ್ಲಿಕ್ ಅಂತ ಲೆಕ್ಕ ಹಿಡೀತದ. ವೈರ್‌ಲೆಸ್‌ನಾಗ ಸೆಲ್ ಉಳಿಸ್ಲಾಕ ಕರೆಂಟು ಭಾಳ ಕಡಿಮಿ ಹರಿಸ್ತಾರ. ಅಷ್ಟು ಸಣ್ಣ ಕರೆಂಟಿಗಿ ಆ ಕಿಲುಬು ಸುಟ್ಟು ಹೋಗಂಗಿಲ್ಲ, ಹಂಗೇ ಕುಂತುಬಿಡ್ತದ.

ಮೌಸ್ ತಗೋಳ್ಳಾಗ ಎಲ್ಲರೂ ಡಿಪಿಐ (ಒಂದು ಇಂಚು ಸರಿದ್ರ ಕಳಿಸೋ ಎಣಿಕಿ) ಎಷ್ಟು ಅಂತ ಕೇಳ್ತಾರ. ಕೇಳಬೇಕಾಗಿದ್ದು ಸ್ವಿಚ್ ಯಾವುದು ಅಂತ. ಹೆಚ್ಚಿನ ಮೌಸುಗಳಾಗ ಓಮ್ರಾನ್, ಕೈಲ್, ಹುವಾನೋ ಕಂಪನಿಗಳ ಸ್ವಿಚ್ ಇರ್ತಾವ. ಓಮ್ರಾನಿನ ಡಿ2ಎಫ್‌ಸಿ ಜಾತಿಯಾಗ 1 ಕೋಟಿ, 2 ಕೋಟಿ, 5 ಕೋಟಿ ಕ್ಲಿಕ್ಕಿನವು ಬ್ಯಾರೆ ಬ್ಯಾರೆ ಅವ. ಆ ಅಂಕಿ ಅಂದ್ರ ಒಳಗಿನ ತಾಮ್ರದ ಪಟ್ಟಿ ಮುರಿಯೋದರ ಲೆಕ್ಕ. ಕಿಲುಬು ಅದಕಿಂತ ಮೊದಲೇ ಬರಬಹುದು. ಡಬ್ಬಿ ಮ್ಯಾಲ ಸ್ವಿಚ್ಚಿನ ಹೆಸರೇ ಇಲ್ಲಂದ್ರ ಅಗ್ಗದ್ದೂ ಇರಬಹುದು.

ಹಳೇದನ್ನ ಒಗೀಬ್ಯಾಡ್ರಿ. ತಳದಾಗಿನ ಜಾರುಪಟ್ಟಿ ಎಬ್ಬಿಸಿದ್ರ ಅದರ ಕೆಳಗ ಸ್ಕ್ರೂ ಸಿಗ್ತಾವ. ಮೂರು ಕಾಲಿನ ಸ್ವಿಚ್, ಹಳೇದು ಕಿತ್ತು ಹೊಸದು ಬೆಸುಗಿ ಹಾಕಿದ್ರ ಆತು. ಕಡಿಮಿ ಕರೆಂಟಿಗೇ ಅಂತ ಮಾಡಿದ ಓಮ್ರಾನ್ ಡಿ2ಎಫ್-01ಎಫ್ ಸಿಕ್ರ ಅದನ್ನೇ ಹಾಕ್ಸ್ರಿ, ಅದರ ಸಂಪರ್ಕಕ್ಕ ಬಂಗಾರದ ಮಿಶ್ರಲೋಹ ಇರ್ತದ, ಕಿಲುಬು ಹತ್ತೋದು ತಡ.

ವಾಡಿ_ಜಂಕ್ಷನ್

ಡೆಸ್ಕ್‌ಟಾಪಿಗಿ ವೈರ್‌ಲೆಸ್ ಯಾಕ್ರಿ? ಲ್ಯಾಪ್‌ಟಾಪ್ ಹೊತ್ತುಕೊಂಡು ಅಡ್ಡಾಡೋರಿಗಿ ಬೇಕು, ಖರೆ. ಒಂದೇ ಜಾಗದಾಗ ಕುಂತು ಮಾಡೋ ಕೆಲಸಕ್ಕ ವೈರಿನ ಮೌಸ್ ಇದ್ರ ಸೆಲ್ ತ್ರಾಸಿಲ್ಲ, ಯುಎಸ್‌ಬಿಗಿ ಚುಚ್ಚೋ ಸಣ್ಣ ರಿಸೀವರ್ ಕಳಿಯೋ ಭಯ ಇಲ್ಲ, ರೊಕ್ಕನೂ ಕಡಿಮಿ. ನಮ್ಮ ಆಫೀಸಿನಾಗ ಸಿಮೆಂಟಿನ ಧೂಳು. ಅದರಾಗೂ ವೈರಿನವು ವರ್ಷಗಟ್ಟಲೆ ನಡದಾವ.

ಗಂಜ್_ಲೆಕ್ಕ

ವೈರಿಂದೇ ಇತ್ರಿ ಮೊದಲು. ಕಾಳಿನ ಚೀಲ ಇದ್ದ ಕಡಿ ಇಲಿ ಹೆಗ್ಗಣ ಇದ್ದೇ ಇರ್ತಾವ. ರಾತ್ರಿ ವೈರ್ ಕಡದು ಇಡ್ತಾವ, ಮುಂಜಾನಿ ಬಂದ್ರ ಮೌಸ್ ಬಂದ್. ಇನ್ನೊಂದು, ಸಿಪಿಯು ಕೆಳಗ ಇರೋದ್ರಿಂದ ವೈರ್ ಜಗ್ಗಿ ಟೇಬಲ್ ಅಂಚಿಗಿ ಸಿಕ್ಕಬೀಳ್ತದ. ಅದಕ್ಕೇ ವೈರ್‌ಲೆಸ್.

ಯಾದಗಿರಿ_ಮಾಸ್ತರ್

ಮೊದಲು ಕೈ ಅಳೆಯಿರಿ. ಬೆರಳು ಚಾಚಿ, ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಸ್ಕೇಲ್ ಇಟ್ಟು ನೋಡಿ. 19 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ನಿಮ್ಮದು ದೊಡ್ಡ ಕೈ. ಲಾಜಿಟೆಕ್ ಎಂ185ರಂಥ ಲ್ಯಾಪ್‌ಟಾಪ್ ಚೀಲಕ್ಕೆಂದು ಮಾಡಿದ ಸಣ್ಣ ಮೌಸನ್ನು ದೊಡ್ಡ ಕೈಯವರು ದಿನವಿಡೀ ಬಳಸಿದರೆ ಅಂಗೈ ಗಾಳಿಯಲ್ಲಿರುತ್ತದೆ. ಹಿಡಿತವೆಲ್ಲ ಹೆಬ್ಬೆರಳು, ಕಿರುಬೆರಳಿನ ಮೇಲೆ ಬೀಳುತ್ತದೆ, ಮಣಿಕಟ್ಟು ಮೇಲಕ್ಕೆ ಮುರಿದುಕೊಂಡೇ ಇರುತ್ತದೆ. ನೋವಿಗೆ ಅದೊಂದೇ ಸಾಕು. ಅಂಗೈ ಪೂರ್ತಿ ಊರುವಂಥ, ಹಿಂಭಾಗ ಉಬ್ಬಿರುವ ಮೌಸ್ ನೋಡಿ.

ಡಿಪಿಐ ವಿಷಯ ರಿಪೇರಿಯವರು ಹೇಳಿದ್ದು ಸರಿ. ನಿಮ್ಮ ಪರದೆ 1920 ಪಿಕ್ಸೆಲ್ ಅಗಲದ್ದು ಅಂತ ಇಟ್ಟುಕೊಳ್ಳಿ. 1000 ಡಿಪಿಐ ಮೌಸ್ ಒಂದು ಇಂಚು ಸರಿದರೆ 1000 ಎಣಿಕೆ ಕಳಿಸುತ್ತದೆ. ಅಂದರೆ ಎರಡು ಇಂಚಿನೊಳಗೆ ಪರದೆಯ ಈ ತುದಿಯಿಂದ ಆ ತುದಿ ಮುಟ್ಟುತ್ತೀರಿ. ಲೆಕ್ಕದ ಕೆಲಸಕ್ಕೆ ಅದರ ಮೇಲಿನದು ಬೇಕಿಲ್ಲ. ಹೆಚ್ಚು ಡಿಪಿಐ ಇಟ್ಟರೆ ಎಕ್ಸೆಲ್‌ನ ಸಣ್ಣ ಚೌಕದ ಮೇಲೆ ಬಾಣ ನಿಲ್ಲಿಸಲು ಕೈ ಇನ್ನಷ್ಟು ಬಿಗಿ ಹಿಡಿಯುತ್ತೀರಿ.

ಬೀದರ್_ಡಿಟಿಪಿ

ನಾನು ಲಗ್ನಪತ್ರಿಕೆ, ಬ್ಯಾನರ್ ಕೆಲಸ ಮಾಡುವವಳು. ನುಡಿಯಲ್ಲಿ ಟೈಪ್, ಕೋರೆಲ್‌ಡ್ರಾದಲ್ಲಿ ಜೋಡಣೆ, ಅಂದರೆ ಮೌಸ್ ಕೈಬಿಡುವ ಹಾಗೇ ಇಲ್ಲ. ನನಗೆ ಮಣಿಕಟ್ಟಿನ ತೊಂದರೆ ಶುರುವಾದಾಗ ವರ್ಟಿಕಲ್ ಮೌಸಿಗೆ ಬದಲಾಯಿಸಿದೆ. ಲಾಜಿಟೆಕ್ ಲಿಫ್ಟ್ ಬಳಸುತ್ತಿದ್ದೇನೆ. 57 ಡಿಗ್ರಿ ಓರೆ, ಯಾರಿಗೋ ಕೈಕುಲುಕಲು ಹೋದಂತೆ ಹಿಡಿಯಬೇಕು. ಸಾಮಾನ್ಯ ಮೌಸ್ ಹಿಡಿದಾಗ ಅಂಗೈ ಕೆಳಮುಖವಾಗಿ, ಮುಂಗೈಯ ಎರಡು ಎಲುಬುಗಳು ಒಂದರ ಮೇಲೊಂದು ತಿರುಚಿಕೊಂಡಿರುತ್ತವೆ. ಆ ತಿರುಚು ಇಲ್ಲಿ ಕಡಿಮೆ. ಮೊದಮೊದಲು ಅಕ್ಷರ ಸರಿಸುವಂಥ ನಯವಾದ ಕೆಲಸದಲ್ಲಿ ಕೈ ತಪ್ಪುತ್ತದೆ, ರೂಢಿಯಾಗುವವರೆಗೆ ತಾಳ್ಮೆ ಬೇಕು. ಆದರೆ ನನಗೆ ಕೊಟ್ಟ ಆರಾಮ ನಿಜ.

ಅಣ್ಣನವರಿಗೆ ಇದನ್ನೇ ತಗೊಳ್ಳಿ ಅನ್ನಲಾರೆ. ಲಿಫ್ಟ್ ಸಣ್ಣ, ಮಧ್ಯಮ ಕೈಗೆ. ದೊಡ್ಡ ಕೈಗೆ ಎಂಎಕ್ಸ್ ವರ್ಟಿಕಲ್ ಇದೆ, ಅದು ನಿಮ್ಮ ಬಜೆಟ್ ಬಹಳ ಮೀರುತ್ತದೆ.

ಬಾಳಿಕೆ ಅಂದಿರಲ್ಲ, ಅದಕ್ಕೊಂದು ಮಾತು. ಮೈಗೆ ಮೆತ್ತನೆಯ ರಬ್ಬರ್ ಲೇಪ ಕೊಟ್ಟಿರುವ ಮೌಸ್ ಅಂಗಡಿಯಲ್ಲಿ ಹಿಡಿದಾಗ ಬಹಳ ಹಿತ. ನಮ್ಮ ಕಡೆಯ ಬೇಸಿಗೆ, ಕೈಬೆವರು, ಮಳೆಗಾಲದ ತೇವ ಸೇರಿ ಆ ಲೇಪ ಒಡೆದು ಅಂಟಂಟಾಗುತ್ತದೆ. ನನ್ನ ಹಿಂದಿನದು ಒಂದು ದೊಡ್ಡ ಕಂಪನಿಯದೇ. ಒಳಗಿನ ಯಂತ್ರ ಸರಿಯಿತ್ತು, ಮೇಲ್ಮೈ ಬೆಲ್ಲದ ಪಾಕ ಮುಟ್ಟಿದ ಹಾಗೆ ಬೆರಳಿಗೆ ಹತ್ತುತ್ತಿತ್ತು. ಪತ್ರಿಕೆಯ ಪ್ರೂಫ್ ಮೇಲೆಲ್ಲ ಕಪ್ಪು ಗುರುತು. ಗಟ್ಟಿ ಪ್ಲಾಸ್ಟಿಕ್ಕಿನ, ಸ್ವಲ್ಪ ಒರಟು ಮೈಯಿದ್ದದ್ದನ್ನೇ ಆರಿಸಿ.

ಸ್ಟೇಷನ್_ರೋಡ್_ರಿಪೇರಿ

ಅಕ್ಕಾರು ಹೇಳಿದ್ದು ನೂರಕ್ಕ ನೂರು ಖರೆ. ಆ ಅಂಟು ಸ್ಪಿರಿಟ್ ಹಚ್ಚಿ ಒರಸಿ ತೆಗೀಬಹುದು, ಆದ್ರ ಲೇಪ ಪೂರಾ ಹೋಗಿ ಬೋಳು ಪ್ಲಾಸ್ಟಿಕ್ ಉಳೀತದ.

ಶಹಾಪುರ_ಗೇಮರ್

ಕ್ಲಿಕ್ ಬಗ್ಗೆ ಇಷ್ಟು ತ್ರಾಸ ಇದ್ರ ಆಪ್ಟಿಕಲ್ ಸ್ವಿಚ್ ಇರೋದು ತಗೋರಿ ಕಾಕಾ. ಅದರಾಗ ತಾಮ್ರದ ಸಂಪರ್ಕ ಇಲ್ಲ, ಬೆಳಕಿನ ಕಿರಣ ಅಡ್ಡ ಬಂದ್ರ ಅಥವಾ ಬಿಟ್ರ ಕ್ಲಿಕ್ ಅಂತ ತಿಳೀತದ. ಕಿಲುಬಿನ ಪ್ರಶ್ನೆನೇ ಇಲ್ಲ, ಡಬಲ್ ಕ್ಲಿಕ್ ಆಗೋ ಕಾರಣನೇ ಇಲ್ಲ. ರೇಜರ್‌ನ ಗೇಮಿಂಗ್ ಮೌಸುಗಳಾಗ, ಎ4ಟೆಕ್‌ನ ಬ್ಲಡಿಯಾಗ ಸಿಗ್ತದ. ಇಲ್ಲಂದ್ರ ಲಾಜಿಟೆಕ್ ಜಿ304. ಅದರಾಗ ಮೆಕ್ಯಾನಿಕಲ್ ಸ್ವಿಚ್ಚೇ, ಆದ್ರ ಒಂದು ಎಎ ಸೆಲ್ ಮ್ಯಾಲ 250 ತಾಸು ನಡೀತದ ಅಂತ ಕಂಪನಿ ಹೇಳ್ತದ, ರಿಪೇರಿನೂ ಸಲೀಸ. ನಾ ಅದನ್ನೇ ಬಳಸ್ತೀನಿ.

ಯಾದಗಿರಿ_ಮಾಸ್ತರ್

ತಮ್ಮಾ, ಆಪ್ಟಿಕಲ್ ಸ್ವಿಚ್ಚಿನ ಮಾತು ತೂಕದ್ದು. ಆದರೆ 250 ತಾಸು ಅಂದರೆ ದಿನಕ್ಕೆ ಹತ್ತು ತಾಸು ದುಡಿಯುವವರಿಗೆ ತಿಂಗಳಿಗೊಂದು ಸೆಲ್. ಆಟದ ಮೌಸ್ ಸೆಕೆಂಡಿಗೆ ಸಾವಿರ ಸಲ ವರದಿ ಕಳಿಸುತ್ತದೆ, ಅದಕ್ಕೇ ಆ ಖರ್ಚು. ಕಚೇರಿ ಕೆಲಸದ ಲಾಜಿಟೆಕ್ ಎಂ331, ಎಂ650ರಂಥವುಗಳಿಗೆ ಕಂಪನಿ ಒಂದೇ ಎಎ ಸೆಲ್‌ಗೆ 24 ತಿಂಗಳು ಹೇಳುತ್ತದೆ. ದಿನವಿಡೀ ಬಳಸಿದರೆ ಅಷ್ಟು ಬಾರದು, ಆದರೂ ವ್ಯತ್ಯಾಸ ದೊಡ್ಡದು.

ವಾಡಿ_ಜಂಕ್ಷನ್

ಇಲಿ ಮಾತು ಒಪ್ಪಿದೆ. ವೈರ್‌ಲೆಸ್ಸೇ ಆಗ್ಲಿ ಅಂದ್ರ ಸೆಲ್ ಹಾಕೋದೇ ತಗೋರಿ, ಒಳಗ ಬ್ಯಾಟರಿ ಕೂಡಿಸಿ ಮುಚ್ಚಿದ್ದು ಬ್ಯಾಡ. ನಮ್ಮ ಬಿಸಿಲಿಗಿ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗ್ತದ, ಆಮ್ಯಾಲ ಆ ಅಳತಿದು ಇಲ್ಲಿ ಹುಡುಕೋದು ಕಷ್ಟ. ಎಎ ಸೆಲ್ ಪಾನ್ ಅಂಗಡಿಯಾಗೂ ಸಿಗ್ತದ. ಆಲ್ಕಲೈನ್ ಹಾಕ್ರಿ. ಅಗ್ಗದ ಸೆಲ್ ಒಳಗೇ ಸೋರಿ ಸ್ಪ್ರಿಂಗ್ ತಿಂದುಬಿಡ್ತದ. ಅಂಗಡಿ ಭಾಳ ದಿನ ಬಂದ್ ಇರ್ತದಂದ್ರ ಸೆಲ್ ತೆಗೆದಿಡ್ರಿ. ಆಲ್ಕಲೈನ್ ಸೋರಿದ್ರ ಹತ್ತಿಗಿ ಲಿಂಬಿ ರಸ ಹಚ್ಚಿ ಸ್ಪ್ರಿಂಗ್ ಒರಸಿ, ಪೂರಾ ಒಣಗಿಸಿ ಹಾಕ್ರಿ, ಹೆಚ್ಚಿನ ಸಲ ಬದುಕ್ತದ.

ಧೂಳಿಗಿ ಇನ್ನೊಂದು: ನಡುವಿನ ಗಾಲಿ. ಕೆಳಗ ತಿರುಗಿಸಿದ್ರ ಪುಟ ಮ್ಯಾಲ ಜಿಗೀತದಂದ್ರ ಗಾಲಿ ತಿರುಗಿದ್ದು ಎಣಿಸೋ, ಅದರ ಬುಡದ ಎನ್‌ಕೋಡರ್‌ನಾಗ ಧೂಳು ಹೊಕ್ಕದ. ನಿಮ್ಮಲ್ಲಿ ತೊಗರಿ ಹೊಟ್ಟಿನ ಧೂಳು, ನಮ್ಮಲ್ಲಿ ಸಿಮೆಂಟಿಂದು. ರಾತ್ರಿ ಹೋಗ್ವಾಗ ಮೌಸ್ ಮ್ಯಾಲ ಒಂದು ಬಟ್ಟಿ ಮುಚ್ರಿ. ಅಷ್ಟೇ ಸಾಕು, ಭಾಳ ಫರಕು ಬೀಳ್ತದ.

ಗಂಜ್_ಲೆಕ್ಕ

ಕೈ ಅಳದೆ, ಇಪ್ಪತ್ತಕ್ಕ ಹತ್ತಿರ ಬಂತು. ಎಂ331, ಎಂ650 ಎರಡರಾಗ ಯಾವುದು? ಇನ್ನೊಂದು ಮಾತು ಬಿಟ್ಟಿದ್ದೆ, ಬಾಣ ನಡುನಡುವ ತಡವರಿಸ್ತದ, ಒಮ್ಮೊಮ್ಮಿ ಜಿಗೀತದ. ಸೆಲ್ ಹೊಸದು ಹಾಕಿದ್ರೂ ಹಂಗೇ.

ಸ್ಟೇಷನ್_ರೋಡ್_ರಿಪೇರಿ

ಅದು ಮೌಸಿನ ತಪ್ಪು ಇರಲಾಕಿಲ್ಲ. ರಿಸೀವರ್ ಎಲ್ಲಿ ಚುಚ್ಚೀರಿ? ಸಿಪಿಯು ಹಿಂದ, ಅದೂ ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟಿನಾಗ ಇದ್ರ ಅಲ್ಲೇ ಸಮಸ್ಯೆ. ವೈರ್‌ಲೆಸ್ ಮೌಸ್ ಮಾತಾಡೋದು 2.4 ಗಿಗಾಹರ್ಟ್ಜ್‌ನಾಗ. ಯುಎಸ್‌ಬಿ 3.0 ಕೆಲಸ ಮಾಡ್ವಾಗ ಅದೇ ರೇಡಿಯೋ ಪಟ್ಟಿಯಾಗ ಗದ್ದಲ ಎಬ್ಬಸ್ತದ. ಇಂಟೆಲ್‌ನವರೇ 2012ರಾಗ ಇದನ್ನ ಬರೆದು ತೋರ್ಸ್ಯಾರ. ಬಾಜು ಪೋರ್ಟಿನಾಗ ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್ ಇದ್ದಾಗ ತಡವರಿಕಿ ಹೆಚ್ಚು ಆಗ್ತದ, ಪರೀಕ್ಷಾ ಮಾಡಿ ನೋಡ್ರಿ. ಅದರ ಮ್ಯಾಲ ನಡುವ ಕಬ್ಬಿಣದ ಕ್ಯಾಬಿನೆಟ್ಟು, ಕಲ್ಲಿನ ಟೇಬಲ್ಲು, ನಿಮ್ಮ ಮೊಣಕಾಲು.

ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ತಗೊಂಡು ಕಪ್ಪು ಪೋರ್ಟಿಗಿ ಹಾಕಿ, ರಿಸೀವರ್ ಟೇಬಲ್ ಮ್ಯಾಲ ಮಾನಿಟರ್ ಬುಡಕ್ಕ ತರ್ರಿ. ಇಲಿ ಕಡದ್ರೂ ಹೋಗೋದು ಆ ಅಗ್ಗದ ವೈರು ಅಷ್ಟೇ.

ಎರಡನೇದು ಶಹಾಬಾದ್ ಕಲ್ಲು. ಮೌಸ್ ತಳದ ಸೆನ್ಸರ್ ಅಂದ್ರ ಸಣ್ಣ ಕ್ಯಾಮರಾ, ಕೆಳಗಿನ ಮೇಲ್ಮೈ ಫೋಟೋ ತಕ್ಕೋತ ಎಷ್ಟು ಸರೀತು ಅಂತ ಲೆಕ್ಕ ಹಾಕ್ತದ. ಪಾಲಿಶ್ ಕಲ್ಲು ಹೊಳೀತದ, ಗೆರಿ ಗುರುತು ಕಾಣಂಗಿಲ್ಲ, ಹಂಗಾಗಿ ಜಿಗೀತದ. ಬಟ್ಟಿಯ ಮೌಸ್‌ಪ್ಯಾಡ್ ಹಾಕ್ರಿ, ದೊಡ್ಡದು. ಕಲ್ಲಿನ ಮ್ಯಾಲ ತಳದ ಜಾರುಪಟ್ಟಿನೂ ಬೇಗ ಸವೀತದ.

ಎಡಗೈ_ಹುಮನಾಬಾದ್

ಎಲ್ಲರೂ ಮೌಸ್ ಬಗ್ಗೆ ಹೇಳಿದಿರಿ, ಯಾರೂ ಕೀಬೋರ್ಡ್ ನೋಡಲಿಲ್ಲ. ಅಣ್ಣಾ, ನೀವು ಲೆಕ್ಕದವರು, ನಂಬರ್ ಪ್ಯಾಡ್ ಇಲ್ಲದೆ ಆಗಲ್ಲ. ಆ ನಂಬರ್ ಪ್ಯಾಡ್ ಬಲಗಡೆ ಇದೆ, ಮೌಸ್ ಅದರಾಚೆ. ಅಂದರೆ ದಿನವಿಡೀ ನಿಮ್ಮ ಬಲಗೈ ಭುಜದಿಂದ ಹೊರಕ್ಕೆ ಚಾಚಿಕೊಂಡೇ ಇರುತ್ತದೆ. ಭುಜದ ತನಕ ಎಳೆಯುತ್ತದೆ ಅಂದಿರಲ್ಲ, ಅದು ಇಲ್ಲಿಂದಲೇ. ಎಷ್ಟೇ ದುಬಾರಿ ಮೌಸ್ ತಂದರೂ ಆ ದೂರ ಕಡಿಮೆಯಾಗಲ್ಲ.

ನಾನು ಹುಟ್ಟಾ ಎಡಚ. ಬಲಗೈ ಅಂಕಿ ಒತ್ತುತ್ತದೆ, ಎಡಗೈ ಮೌಸ್ ಹಿಡಿಯುತ್ತದೆ, ಮೌಸ್ ಕೀಬೋರ್ಡಿಗೆ ಅಂಟಿಕೊಂಡೇ ಇರುತ್ತದೆ. ನೀವೂ ಎಡಗೈಯಲ್ಲಿ ಪ್ರಯತ್ನಿಸಿ. ವಿಂಡೋಸ್‌ನಲ್ಲಿ ಬಟನ್ ಅದಲುಬದಲು ಮಾಡಬೇಡಿ, ಆ ಸೆಟ್ಟಿಂಗ್ ಜೋಡಿಸಿದ ಎಲ್ಲ ಮೌಸಿಗೂ ಅನ್ವಯಿಸುತ್ತದೆ. ಎಡಗೈಯ ನಡುಬೆರಳಿನಿಂದ ಎಡ ಬಟನ್ ಒತ್ತಿದರಾಯಿತು, ಒಂದೆರಡು ವಾರದಲ್ಲಿ ಕೈ ಕಲಿಯುತ್ತದೆ.

ಶಹಾಪುರ_ಗೇಮರ್

ಇದು ಭಾರಿ ಐಡಿಯಾ. ಆದ್ರ ಎಂ331 ಬಲಗೈಗೇ ತಿರುಚಿ ಮಾಡಿದ ಆಕಾರ, ಎಡಗೈಗಿ ಕೂಡಂಗಿಲ್ಲ. ಎಂ650 ದೊಡ್ಡ ಅಳತಿಯಾಗ ಎಡಗೈದು ಬ್ಯಾರೆ ಅದ, ಅಂಗಡಿಯಾಗ ಸಿಗೋದು ಕಷ್ಟ.

ಬೀದರ್_ಡಿಟಿಪಿ

ಹುಮನಾಬಾದಿನವರ ಮಾತು ಓದಿ ನಾನೂ ಈಗ ನನ್ನ ಟೇಬಲ್ ನೋಡಿಕೊಂಡೆ. ನನಗೆ ನಂಬರ್ ಪ್ಯಾಡ್ ಬೇಕೇ ಇಲ್ಲ, ಅದಿಲ್ಲದ ಚಿಕ್ಕ ಕೀಬೋರ್ಡ್ ಇಟ್ಟರೆ ಮೌಸ್ ಒಂದು ಗೇಣು ಒಳಗೆ ಬರುತ್ತದೆ.

ಗಂಜಿನ ಅಣ್ಣನವರೇ, ಒಂದು ಕಾಳಜಿಯ ಮಾತು. ರಾತ್ರಿ ಮಲಗಿದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಬರುತ್ತಿದ್ದರೆ ಮೌಸ್ ಹುಡುಕುತ್ತ ಕೂರಬೇಡಿ, ಮಣಿಕಟ್ಟಿನ ನರ ಒತ್ತಿರಬಹುದು. ಕಿರುಬೆರಳ ಕಡೆ ಜೋಮು ಅಂದರೆ ಮೊಣಕೈಯನ್ನು ಕಲ್ಲಿನ ಅಂಚಿಗೆ ಊರಿ ಕೂರುತ್ತಿದ್ದೀರಾ ನೋಡಿಕೊಳ್ಳಿ. ಎರಡರಲ್ಲಿ ಯಾವುದಿದ್ದರೂ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ಗಂಜ್_ಲೆಕ್ಕ

ಜೋಮು ಇಲ್ರೀ ಅಕ್ಕಾರೆ, ಬ್ಯಾನಿ ಅಷ್ಟೇ. ಆದ್ರೂ ತೋರಿಸ್ತೀನಿ.

ಹುಮನಾಬಾದ್ ಅಣ್ಣಾರು ಹೇಳಿದಂಗ ಹಳೇ ಮೌಸ್ ಎಡಗಡಿ ಇಟ್ಟು ನೋಡ್ದೆ. ಎಕ್ಸೆಲ್‌ನಾಗ ಚೌಕ ಆರಿಸೋದು ಇನ್ನೂ ತಡವರಿಸ್ತದ, ಆದ್ರ ಪೋರ್ಟಲ್‌ನಾಗ ಪುಟ ಸರಿಸೋದು, ಫೋಟೋ ತೆರೆಯೋದು ಎಡಗೈಲೇ ಆಗ್ತದ. ಬಲಗೈ ಅಂಕಿ ಮ್ಯಾಲೇ ಕುಂತಿರ್ತದ, ಭುಜಕ್ಕ ಖರೇನ ಹಗುರ. ರಿಸೀವರ್ ಮಾನಿಟರ್ ಬುಡಕ್ಕ ತಂದೆ, ತಡವರಿಕಿ ನಿಂತೇ ಹೋತು. ಸಿಕಂದರಾಬಾದಿನ ಕಂಪ್ಯೂಟರ್ ಬಜಾರ್ ಸಿಟಿಸಿಗಿ ನಮ್ಮ ಹುಡುಗ ಹೊಂಟಾನ, ಏನು ತರ್ಲಾಕ ಹೇಳ್ಲಿ?

ಎಡಗೈ_ಹುಮನಾಬಾದ್

ಎರಡೂ ಇಟ್ಟುಕೊಳ್ಳಿ ಅಣ್ಣಾ. ಒಂದು ಡೆಸ್ಕ್‌ಟಾಪಿಗೆ ಎರಡು ಮೌಸ್ ಒಟ್ಟಿಗೆ ಜೋಡಿಸಬಹುದು, ಎರಡೂ ಅದೇ ಬಾಣವನ್ನು ಸರಿಸುತ್ತವೆ. ಎಡಬಲ ಎರಡೂ ಒಂದೇ ಥರ ಇರುವ ಹಳೇದು ಎಡಕ್ಕೆ, ಕೈತುಂಬ ಬರುವ ಹೊಸದು ಬಲಕ್ಕೆ. ಒಂದು ಕೈ ದಣಿದರೆ ಇನ್ನೊಂದಕ್ಕೆ ಕೆಲಸ ಕೊಡಿ.

ಯಾದಗಿರಿ_ಮಾಸ್ತರ್

ಹಾಗಾದರೆ ಬಲಕ್ಕೆ ಎಂ650 ದೊಡ್ಡ ಅಳತೆಯದು, ಡಬ್ಬಿಯ ಮೇಲೆ ಎಲ್ ಅಂತ ಇರುವುದನ್ನು ನೋಡಿ ತರಲು ಹೇಳಿ. ಎಂ331 ಕೆಟ್ಟದ್ದಲ್ಲ, ಅಗ್ಗವೂ ಹೌದು, ಆದರೆ ಇಪ್ಪತ್ತು ಸೆಂಟಿಮೀಟರಿನ ಕೈಗೆ ಎಲ್ ಅಳತೆ ಚೆನ್ನಾಗಿ ಕೂರುತ್ತದೆ. ಕ್ಲಿಕ್ ಸದ್ದು ಕಡಿಮೆ. ಕೆಲವರಿಗೆ ಆ ಮೆತ್ತನೆ ಒತ್ತು ಹಿಡಿಸುವುದಿಲ್ಲ, ಹುಡುಗ ಅಂಗಡಿಯಲ್ಲಿ ಒತ್ತಿ ನೋಡಲಿ.

ಇದರ ರಿಸೀವರ್ ಹಸಿರು ಗುರುತಿನ ಲಾಜಿ ಬೋಲ್ಟ್. ಹಳೆಯ ಕಿತ್ತಳೆ ಗುರುತಿನ ಯೂನಿಫೈಯಿಂಗ್ ರಿಸೀವರ್ ಜೊತೆ ಕೂಡುವುದಿಲ್ಲ. ಸೀಲ್ ಒಡೆಯದ ಡಬ್ಬಿ, ಜಿಎಸ್‌ಟಿ ಬಿಲ್ಲು ಎರಡೂ ಇರಲಿ, ವಾರಂಟಿ ಕೇಳಲು ಬಿಲ್ಲು ಬೇಕೇ ಬೇಕು.

ವಾಡಿ_ಜಂಕ್ಷನ್

ವಾರಂಟಿ ಇರೋ ತನಕ ಹೊಸದನ್ನ ಯಾರಿಗೂ ಬಿಚ್ಚಲಾಕ ಕೊಡಬ್ಯಾಡ್ರಿ. ಕ್ಲಿಕ್ ಕೆಟ್ರ ಕಂಪನಿಗೇ ಕಳಸ್ರಿ. ಸಿಟಿಸಿಯಾಗ ತಂದದ್ದಕ್ಕ ಅಂಗಡಿಯವರ ಬದಲಿ ಸಿಗ್ಬೇಕಂದ್ರ ಹೊಳ್ಳಿ ಅಲ್ಲಿಗೇ ಹೋಗ್ಬೇಕಾಗ್ತದ, ಅದನ್ನೂ ವಿಚಾರ ಮಾಡ್ರಿ. ಕಲಬುರಗಿ ಸೂಪರ್ ಮಾರ್ಕೆಟಿನಾಗ ನೂರಿನ್ನೂರು ಹೆಚ್ಚಾದ್ರೂ ನಾ ಅಲ್ಲೇ ತಗೋತಿದ್ದೆ.

ಗಂಜ್_ಲೆಕ್ಕ

ಇದು ಸರಿ ಅನಸ್ತದ. ನಮ್ಮೂರಾಗೇ ಎಲ್ ಅಳತಿದು ಕೇಳ್ತೀನಿ, ಸಿಗಲಿಲ್ಲಂದ್ರಷ್ಟೇ ಸಿಕಂದರಾಬಾದ್. ರಿಪೇರಿ ಅಣ್ಣಾರೆ, ಹಳೇದರ ಸ್ವಿಚ್ ಬದಲಿಸಿ ಕೊಡ್ತೀರೇನ್ರಿ? ಎಡಗೈಗಿ ಅದೇ ಇರ್ಲಿ.

ಸ್ಟೇಷನ್_ರೋಡ್_ರಿಪೇರಿ

ಕೊಡ್ತೀನ್ರಿ, ಸಂಜಿ ಬರ್ರಿ. ಎಡ ಬಟನ್ನಿನ ಸ್ವಿಚ್ಚಷ್ಟೇ ಅಲ್ಲ, ಬಲ ಬಟನ್ನಿಂದೂ ಒಮ್ಮಿಗೇ ಬದಲಿಸಿಬಿಡೋಣ, ಗಾಲಿನೂ ಸ್ವಚ್ಛ ಮಾಡ್ತೀನಿ. ಬರ್ವಾಗ ಮೌಸ್ ಒಂದೇ ತರಬ್ಯಾಡ್ರಿ, ಅದರ ರಿಸೀವರ್ ಕಿತ್ತುಕೊಂಡು ಬರ್ರಿ. ಅದಿಲ್ದೇ ಬೆಸುಗಿ ಹಾಕಿದ ಮ್ಯಾಲ ಕ್ಲಿಕ್ ಪರೀಕ್ಷಾ ಮಾಡ್ಲಾಕ ಬರಂಗಿಲ್ಲ.